ಮರುನುಡಿಯ ಅರ್ಥ

‘ನಿನಗೆ ಹಾಲು ಬೇಕಾ?’ ಎಂದು ತಾಯಿ ಕೇಳುತ್ತಾಳೆ. ‘ನಿನಗೆ ಹಾಲು ಬೇಕಾ’ ಎಂದು ಮಗುವೂ ಅದೇ ರಾಗದಲ್ಲಿ ಹೇಳುತ್ತದೆ. ಮಗುವಿಗೆ ಮಾತಿನ ಅರ್ಥವೇ ತಿಳಿಯದೆಂದು ಕೇಳಿದವರು ಭಾವಿಸುವುದುಂಟು. ಆದರೆ ವಾಚಕರೇ, ‘ನನಗೆ ಹಾಲು ಬೇಕು’ ಎಂಬುದನ್ನೇ ಅದು ಹಾಗೆ ಹೇಳುತ್ತಿರಬಹುದಲ್ಲವೆ? ವಿದ್ವಾಂಸರು ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಬಗೆಯನ್ನು ನಾವು ತಿಳಿಯತಕ್ಕದ್ದು.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಅವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಇಂದು ಸ್ವಲೀನತೆ ಅಥವಾ ಆಟಿಸಂ ಎನ್ನುವ ಸ್ಥಿತಿಯನ್ನು ವಿವರಿಸಿದರು. ಅವರಲ್ಲಿ ಎಂಟು ಮಂದಿಗೆ ಮಾತು ಬಂದಿತ್ತು, ಮೂವರಿಗೆ ಬಂದಿರಲಿಲ್ಲ. ಮಾತು ಬಂದವರಲ್ಲಿ ಕೇಳಿದ್ದನ್ನೇ ಮರುನುಡಿಯುವುದು, ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುವುದು ಕಂಡುಬಂದಿತು. ‘ಹೌದು’ ಎಂದರೆ ಹೆಗಲ ಮೇಲೆ ಕೂರಿಸಿಕೊಳ್ಳುವೆನೆಂದು ತಂದೆ ಹೇಳಿದ್ದರಿಂದ, ಒಬ್ಬ ಹುಡುಗನಿಗೆ ಆ ಪದದ ಅರ್ಥ ತಂದೆಯ ಹೆಗಲೇರುವುದೆಂದೇ ಆಗಿಹೋಯಿತು.

1946ರ ಲೇಖನದಲ್ಲಿ ಕ್ಯಾನರ್ ಇಂಥ ಮಾತುಗಳ ಮೂಲವನ್ನು ಶೋಧಿಸಿದರು. ಒಬ್ಬ ಬಾಲಕ ಏನನ್ನಾದರೂ ಎಸೆಯಬೇಕೆನಿಸಿದಾಗ ‘ನಾಯಿಯನ್ನು ಉಪ್ಪರಿಗೆಯಿಂದ ಎಸೆಯಬೇಡ’ ಎನ್ನುತ್ತಿದ್ದನು. ನಾಯಿಯೂ ಇಲ್ಲ, ಉಪ್ಪರಿಗೆಯೂ ಇಲ್ಲ! ವಿಚಾರಿಸಲಾಗಿ, ಹಿಂದೆ ಆಟದ ನಾಯಿಯನ್ನು ಎಸೆಯುತ್ತಿದ್ದಾಗ ತಾಯಿ ಆಡಿದ ಮಾತು ಅದೆಂದು ತಿಳಿಯಿತು. ಆ ಮಾತಿನಿಂದಲೇ ಅವನು ತನ್ನನ್ನು ತಡೆದುಕೊಳ್ಳುತ್ತಿದ್ದನು.

ಹೀಗೆ ಅರ್ಥದ ಬೀಗದಕೈ ತಾಯಿಯ ನೆನಪಿನಲ್ಲಿದ್ದರೂ, ದೋಷವೂ ತಾಯಿಯ ಮೇಲೆಯೇ ಬಿದ್ದಿತು. ಹೆತ್ತವರ ವಾತ್ಸಲ್ಯದ ಕೊರತೆಯೇ ಇದಕ್ಕೆ ಕಾರಣವೆಂಬ ವಾದಕ್ಕೆ 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಅವರ ಗ್ರಂಥ ಬಲ ಕೊಟ್ಟಿತು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟ್ಟರ್ ಅವಳಿ ಮಕ್ಕಳನ್ನು ಪರೀಕ್ಷಿಸಿ, ವಂಶವಾಹಿಯ ಪಾತ್ರ ಹಿರಿದೆಂದು ತೋರಿಸಿದ ಮೇಲೆ ಆ ಅಪವಾದದ ಬುಡ ಅಲುಗಿತು.

1981ರಲ್ಲಿ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡೂಕನ್ ನಾಲ್ವರು ಮಕ್ಕಳ ಮರುನುಡಿಗಳನ್ನು ಪರಿಶೀಲಿಸಿ ಏಳು ಬಗೆಗಳನ್ನು ಗುರುತಿಸಿದರು. ಒಪ್ಪಿಗೆ, ಬೇಡಿಕೆ, ತನ್ನೊಳಗೆ ಹೇಳಿಕೊಂಡು ಅಭ್ಯಾಸ ಮಾಡುವುದು ಅವುಗಳಲ್ಲಿ ಕೆಲವು. ಗುರು ಹೇಳಿದ್ದನ್ನು ಶಿಷ್ಯ ಮರಳಿ ಹೇಳುವ ‘ಸಂತೆ’ಯ ಪಾಠ ಶೃಂಗೇರಿ, ಮೆಣಸೆಯ ಕಡೆಯವರಿಗೆ ಹೊಸತಲ್ಲ. ಅಲ್ಲಿ ಮರುನುಡಿಯನ್ನು ವಿದ್ಯೆಯೆಂದು ಗೌರವಿಸುವ ನಾವು, ಈ ಮಕ್ಕಳ ಬಾಯಲ್ಲಿ ಅದನ್ನು ಬರಿಯ ಸದ್ದೆನ್ನುವುದು ನ್ಯಾಯವೆ?

‘ಸ್ವಲೀನ’ ಎಂದರೆ ತನ್ನಲ್ಲೇ ಮುಳುಗಿದವನು. ಆದರೆ ಸ್ವತಃ ಸ್ವಲೀನರಾದ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ 2012ರಲ್ಲಿ, ಅರಿಯದಿರುವಿಕೆ ಎರಡೂ ಕಡೆಯದೆಂದು ವಾದಿಸಿದರು. ನಮ್ಮ ನಾಡಿನಲ್ಲಿಯೂ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಮಾತಿನ ಇಂಥ ಮಕ್ಕಳ ನುಡಿಯ ಅಧ್ಯಯನ ನಡೆದಿದೆ. ಮಗುವಿನ ಮಾತು ತಡವಾದರೆ ಬಲ್ಲವರಲ್ಲಿಗೆ ಬೇಗ ಕರೆದೊಯ್ಯಿರಿ. ಮನೆಯಲ್ಲಿ ಮಾತ್ರ, ಅದು ಆಡಿದ ಮಾತನ್ನು ಮೊದಲು ಎಲ್ಲಿ, ಯಾವಾಗ ಕೇಳಿತ್ತೆಂದು ನೆನೆಯಿರಿ. ಅರ್ಥ ಅಲ್ಲಿ ದೊರೆತೀತು.