ಹಾಡಿನ ಹಿಂದಿನ ಮನೆ: ಪೀಟ್ ಮತ್ತು ತೋಶಿ ಸೀಗರ್ ಕತೆ

ಶಾಲೆಯಲ್ಲಿ ಓದುವಾಗ ‘ಹಮ್ ಹೋಂಗೇ ಕಾಮ್‌ಯಾಬ್’ ಹಾಡದವರು ನಮ್ಮಲ್ಲಿ ಕಡಿಮೆ. ಚಳವಳಿಗಳ ಮೆರವಣಿಗೆಯಲ್ಲಿ ಅದೇ ಹಾಡನ್ನು ಕನ್ನಡದಲ್ಲೂ ಹಾಡುತ್ತಾರೆ. ಅದರ ಮೂಲ ಅಮೆರಿಕದ ‘ವೀ ಶಲ್ ಓವರ್‌ಕಮ್’. ಕಪ್ಪು ಜನರ ಚರ್ಚ್‌ಗಳಲ್ಲಿ ಹುಟ್ಟಿದ ಹಾಡು 1945ರಲ್ಲಿ ಚಾರ್ಲ್‌ಸ್ಟನ್ ಊರಿನ ತಂಬಾಕು ಕಾರ್ಮಿಕರ ಮುಷ್ಕರದಲ್ಲಿ ಬಳಕೆಗೆ ಬಂತು. ಅಲ್ಲಿಂದ ಬಾಯಿಂದ ಬಾಯಿಗೆ ಹರಡಿತು. ಅದನ್ನು ಊರೂರಿಗೆ ಹೊತ್ತು ತಿರುಗಿದವರಲ್ಲಿ ಒಬ್ಬರು ಜನಪದ ಗಾಯಕ ಪೀಟ್ ಸೀಗರ್.

ಪೀಟ್ ಹೆಸರು ಇತಿಹಾಸದಲ್ಲಿದೆ. ಅವರ ಹೆಂಡತಿ ತೋಶಿ ಹೆಸರು ಅಷ್ಟಾಗಿ ಇಲ್ಲ. ಆದರೆ ಇವರ ಬದುಕನ್ನು ಓದುತ್ತಾ ಹೋದಂತೆ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಯಾರಿಗೂ ಹೆದರದೆ ಹಾಡಲು ಪೀಟ್‌ಗೆ ಸಾಧ್ಯವಾದದ್ದು ಅವರ ಗಂಟಲಿನಿಂದ ಮಾತ್ರವಲ್ಲ, ಇಬ್ಬರೂ ಸೇರಿ ಕಟ್ಟಿಕೊಂಡ ಕಡಿಮೆ ಖರ್ಚಿನ ಬದುಕಿನಿಂದ.

ಪೀಟ್ ಹುಟ್ಟಿದ್ದು 1919ರಲ್ಲಿ. ಅವರ ವಾದ್ಯ ಬ್ಯಾಂಜೊ. ಆಫ್ರಿಕಾದಿಂದ ಗುಲಾಮರಾಗಿ ಬಂದವರು ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡುತ್ತಿದ್ದ ವಾದ್ಯವೇ ಅದರ ಮೂಲ. ನಮ್ಮ ಏಕತಾರಿಯ ದೂರದ ನೆಂಟ ಅನ್ನಬಹುದು. ತೋಶಿ ಹುಟ್ಟಿದ್ದು 1922ರಲ್ಲಿ, ಜರ್ಮನಿಯಲ್ಲಿ. ಅಪ್ಪ ಜಪಾನಿನವರು, ಅಮ್ಮ ಅಮೆರಿಕದವರು. ಇಬ್ಬರ ಮದುವೆ 1943ರಲ್ಲಿ ಆಯಿತು.

1949ರಲ್ಲಿ ಅವರು ನ್ಯೂಯಾರ್ಕ್ ನಗರದಿಂದ ಸುಮಾರು 100 ಕಿಲೋಮೀಟರ್ ದೂರದ ಬೀಕನ್ ಎಂಬಲ್ಲಿ, ಹಡ್ಸನ್ ನದಿ ಕಾಣುವ ಗುಡ್ಡದ ಮೇಲೆ ಸುಮಾರು 17 ಎಕರೆ ಕಾಡು ಜಮೀನು ಕೊಂಡರು. ಮನೆ ಕಟ್ಟುವುದು ಗೊತ್ತಿರಲಿಲ್ಲ. ಪೀಟ್ ಲೈಬ್ರರಿಗೆ ಹೋಗಿ, ಮರದ ದಿಮ್ಮಿಯ ಮನೆ ಕಟ್ಟುವುದು ಹೇಗೆಂದು ಪುಸ್ತಕ ನೋಡಿ ಕಲಿತರು. ಅಲ್ಲಿನ ಮರಗಳನ್ನೇ ಕಡಿದು, ಸ್ನೇಹಿತರ ಕೈ ಸೇರಿಸಿಕೊಂಡು ಮನೆ ಎಬ್ಬಿಸಿದರು. ಮೊದಲು ಕರೆಂಟೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಪೀಟ್ ಹಾಡಲು ಊರೂರು ತಿರುಗುತ್ತಿದ್ದರೆ, ತೋಶಿ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹಳ್ಳದಿಂದ ನೀರು ಹೊರುತ್ತಿದ್ದರು. ಸರಳ ಬದುಕು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದರ ಭಾರ ಯಾರ ಸೊಂಟದ ಮೇಲೆ ಬೀಳುತ್ತದೆ ಎಂಬುದು ನೀರು ಹೊತ್ತವರಿಗೆ ಗೊತ್ತು.

1950ರಲ್ಲಿ ಪೀಟ್ ಇದ್ದ ‘ವೀವರ್ಸ್’ ತಂಡದ ಹಾಡು ಅಮೆರಿಕದಲ್ಲಿ 13 ವಾರ ಮೊದಲ ಸ್ಥಾನದಲ್ಲಿತ್ತು. ಅಷ್ಟರಲ್ಲೇ ಕಮ್ಯುನಿಸ್ಟರ ಬೇಟೆ ಶುರುವಾಗಿತ್ತು. ತಂಡದ ಹೆಸರು ಕಪ್ಪುಪಟ್ಟಿಗೆ ಸೇರಿತು. ರೇಡಿಯೊ, ಟಿವಿ, ದೊಡ್ಡ ಸಭಾಂಗಣಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. 1955ರಲ್ಲಿ ಸಂಸತ್ತಿನ ಸಮಿತಿ ಪೀಟ್ ಅವರನ್ನು ಕರೆಸಿ ವಿಚಾರಣೆ ಮಾಡಿತು. ತನ್ನ ರಾಜಕೀಯ ನಂಬಿಕೆ, ಸ್ನೇಹಿತರ ಬಗ್ಗೆ ಉತ್ತರ ಕೊಡಲು ಅವರು ಒಪ್ಪಲಿಲ್ಲ. 1961ರಲ್ಲಿ ಒಂದು ವರ್ಷದ ಜೈಲು ಶಿಕ್ಷೆಯಾಯಿತು. 1962ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು.

ಅಷ್ಟು ವರ್ಷ ಸಂಸಾರ ನಡೆದದ್ದು ಹೇಗೆ? ಸಾಲ ಮಾಡಿ ಕಟ್ಟಿದ ಬಂಗಲೆ ಇರಲಿಲ್ಲ. ಸೌದೆ ತಮ್ಮ ಕಾಡಿನದು, ಸೂರು ತಮ್ಮ ಕೈಯದು. ಪೀಟ್ ಶಾಲೆ, ಕಾಲೇಜು, ಮಕ್ಕಳ ಶಿಬಿರಗಳಲ್ಲಿ ಕಡಿಮೆ ಹಣಕ್ಕೆ ಹಾಡಿದರು. ಎಲ್ಲಿ, ಯಾವ ದಿನ, ಎಷ್ಟು ಹಣ, ಯಾರಿಗೆ ಪತ್ರ, ಎಲ್ಲ ಲೆಕ್ಕ ತೋಶಿ ಕೈಯಲ್ಲಿತ್ತು. ಪೀಟ್ ತಮ್ಮ ಬ್ಯಾಂಜೊ ಕಲಿಕೆಯ ಪುಸ್ತಕವನ್ನು 1948ರಲ್ಲಿ ತಾವೇ ಸೈಕ್ಲೋಸ್ಟೈಲ್ ಮಾಡಿಸಿ ಹಂಚಿದ್ದರು. ಖರ್ಚು ಕಡಿಮೆ ಇದ್ದವರನ್ನು ಹೆದರಿಸುವುದು ಕಷ್ಟ.

ಕೈಕೆಲಸದ ಮೇಲೂ ಇಬ್ಬರಿಗೂ ಪ್ರೀತಿ. 1950ರ ದಶಕದಲ್ಲಿ ಅವರು ಟ್ರಿನಿಡಾಡ್ ದ್ವೀಪಕ್ಕೆ ಹೋಗಿ, ಬಿಸಾಡಿದ ಎಣ್ಣೆ ಡ್ರಮ್ಮುಗಳನ್ನು ಬಡಿದು ಬಡಿದು ಸ್ವರ ತೆಗೆಯುವ ವಾದ್ಯ ಮಾಡುವವರ ಕೆಲಸವನ್ನು ಚಿತ್ರೀಕರಿಸಿದರು. 1965-66ರಲ್ಲಿ ಬಂದ ‘ರೇನ್‌ಬೋ ಕ್ವೆಸ್ಟ್’ ಟಿವಿ ಕಾರ್ಯಕ್ರಮದ 39 ಕಂತುಗಳನ್ನು ನಡೆಸಿದ್ದು ತೋಶಿ. ತೆರೆಯ ಮೇಲೆ ಅವರ ಹೆಸರಿನ ಜೊತೆ ಬಂದ ಹುದ್ದೆ ಮಾತ್ರ ‘ಮುಖ್ಯ ಅಡುಗೆಯವಳು, ಬಾಟಲಿ ತೊಳೆಯುವವಳು’. ಅದು ತಮಾಷೆಗೆ ಹಾಕಿದ್ದು. ಆದರೂ ಓದಿದಾಗ ನಮಗೆ ಪೂರ್ತಿ ನಗು ಬರಲಿಲ್ಲ.

ಇನ್ನು ಅವರ ಗುಡ್ಡದ ಕೆಳಗಿನ ಹಡ್ಸನ್ ನದಿ. ಊರುಗಳ ಚರಂಡಿ, ಕಾರ್ಖಾನೆಗಳ ವಿಷ ಎಲ್ಲ ಅದಕ್ಕೇ ಸೇರುತ್ತಿತ್ತು. 1966ರಲ್ಲಿ ಈ ದಂಪತಿ ಮತ್ತು ಸ್ನೇಹಿತರು ಒಂದು ಯೋಚನೆ ಮಾಡಿದರು: ಹಿಂದಿನ ಕಾಲದಲ್ಲಿ ಈ ನದಿಯಲ್ಲಿ ಸರಕು ಸಾಗಿಸುತ್ತಿದ್ದ ಹಾಯಿ ಹಡಗಿನ ಮಾದರಿಯಲ್ಲೇ ಒಂದು ಹಡಗು ಕಟ್ಟೋಣ. ಹಾಡಿ ಹಣ ಕೂಡಿಸಿದರು. 106 ಅಡಿ ಉದ್ದದ ಮರದ ಹಡಗು ‘ಕ್ಲಿಯರ್‌ವಾಟರ್’ 1969ರ ಮೇ ತಿಂಗಳಲ್ಲಿ ನೀರಿಗಿಳಿಯಿತು.

ಕೊಳೆತ ನದಿಗೆ ಹಡಗು ಏಕೆ? ಜನ ನದಿಗೆ ಬೆನ್ನು ಹಾಕಿ ಕೂತಿದ್ದರು. ಹಡಗು ದಡಕ್ಕೆ ಬಂದರೆ ನೋಡಲು ಬರುತ್ತಾರೆ, ಹಾಡು ಕೇಳುತ್ತಾರೆ, ಆಮೇಲೆ ನೀರಿನ ಮಾತು ಎತ್ತಬಹುದು. ಮಕ್ಕಳನ್ನು ಹತ್ತಿಸಿಕೊಂಡು, ಬಲೆ ಬೀಸಿ, ನದಿಯಲ್ಲಿ ಏನೇನು ಬದುಕಿದೆ ಎಂದು ತೋರಿಸುವ ಪಾಠ ಆ ಹಡಗಿನಲ್ಲಿ ಶುರುವಾಯಿತು. ನದಿಗಾಗಿ ನಡೆದ ಸಂಗೀತ ಜಾತ್ರೆಗಳ ವ್ಯವಸ್ಥೆ ಮತ್ತೆ ತೋಶಿ ತಲೆಗೇ ಬಂತು.

ಹಾಡಿನಿಂದ ನದಿ ಶುದ್ಧವಾಯಿತು ಎಂದರೆ ಸುಳ್ಳಾಗುತ್ತದೆ. ಅನೇಕರು ಹೋರಾಡಿದರು, 1972ರಲ್ಲಿ ಶುದ್ಧ ನೀರಿನ ಕಾನೂನು ಬಂತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳು 1977ರವರೆಗೆ ನದಿಗೆ ಬಿಟ್ಟ ಪಿಸಿಬಿ ಎಂಬ ವಿಷವನ್ನು ತಳದಿಂದ ಬಾಚುವ ಕೆಲಸ ಶುರುವಾದದ್ದು 2009ರಲ್ಲಿ. ಈಗ ಅನೇಕ ಕಡೆ ಜನ ಮತ್ತೆ ಈಜುತ್ತಾರೆ. ಆದರೆ ಅಲ್ಲಿನ ಮೀನು ತಿನ್ನುವ ಬಗ್ಗೆ ಎಚ್ಚರಿಕೆ ಇನ್ನೂ ಇದೆ. ನದಿ ಕೆಡಿಸಿದಷ್ಟು ಸುಲಭವಾಗಿ ಸರಿಮಾಡಲು ಬರುವುದಿಲ್ಲ. ಹೊಳೆದಂಡೆಯಲ್ಲಿ ಇರುವ ನಾವು ಇದನ್ನು ಮರೆಯಬಾರದು.

ತೋಶಿ 2013ರ ಜುಲೈ 9ರಂದು ತೀರಿಕೊಂಡರು. ಮದುವೆಯಾಗಿ 70 ವರ್ಷ ತುಂಬಲು 11 ದಿನ ಬಾಕಿ ಇತ್ತು. ಆರು ತಿಂಗಳ ನಂತರ, 2014ರ ಜನವರಿ 27ರಂದು, ಪೀಟ್ ಕೂಡ ಹೋದರು. ಆಗ ಅವರಿಗೆ 94 ವರ್ಷ. ಸಾಯುವ ಹತ್ತು ದಿನ ಮೊದಲು ಅಜ್ಜ ಸೌದೆ ಒಡೆಯುತ್ತಿದ್ದರು ಎಂದು ಮೊಮ್ಮಗ ಪತ್ರಿಕೆಯವರಿಗೆ ಹೇಳಿದರು. ಕ್ಲಿಯರ್‌ವಾಟರ್ ಹಡಗು ಅವರಿಬ್ಬರ ನಂತರವೂ ಮಕ್ಕಳನ್ನು ಹತ್ತಿಸಿಕೊಂಡು ಅದೇ ನದಿಯಲ್ಲಿ ಸಾಗಿದೆ.