ಒಂದು ತಿಂಗಳು ವ್ಯಾಯಾಮ ಬಿಡ್ತೀರಾ?

ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡಿತ್ತು. "ಆರು ವಾರ ಓಡಬೇಡಿ" ಅಂದಿದ್ದರು ಡಾಕ್ಟರು. ನಾಲ್ಕನೇ ದಿನವೇ ಬೆಳಗಿನ ಜಾವ ಐದಕ್ಕೆ ಎದ್ದು, ಅಮ್ಮನಿಗೆ ಗೊತ್ತಾಗಬಾರದೆಂದು ಶೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ. ಕದ್ದು ಸಿಗರೇಟು ಸೇದಲು ಹೊರಟ ಹುಡುಗನ ಹಾಗೆ! ಗೇಟಿನ ಹತ್ತಿರ ಬಂದಾಗ ನನ್ನ ಬಗ್ಗೆ ನನಗೇ ಹೆದರಿಕೆಯಾಯ್ತು. ವಾಪಸ್ ಬಂದು ಇದೇನಿದು ಅಂತ ಓದಲು ಕೂತೆ. ನೋಡಿದರೆ, ಈ ಗೀಳಿಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ.

1970ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡರಿಕ್ ಬೇಕ್‌ಲ್ಯಾಂಡ್ ಒಂದು ಅಧ್ಯಯನ ಪ್ರಕಟಿಸಿದರು. ವ್ಯಾಯಾಮ ನಿಲ್ಲಿಸಿದರೆ ನಿದ್ದೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಆದರೆ ದಿನಾ ವ್ಯಾಯಾಮ ಮಾಡುವವರು ದುಡ್ಡು ಕೊಡುತ್ತೇವೆಂದರೂ ಒಂದು ತಿಂಗಳು ಬಿಡಲು ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರು-ನಾಲ್ಕು ದಿನ ಮಾಡುವವರನ್ನೇ ಸೇರಿಸಿಕೊಳ್ಳಬೇಕಾಯ್ತು. ಅವರಿಗೂ ನಿದ್ದೆ ಕೆಟ್ಟಿತು, ಆತಂಕ ಹೆಚ್ಚಿತು. ನನಗನ್ನಿಸುವುದು, ಆ ಅಧ್ಯಯನಕ್ಕೆ ಬರಲು ಒಪ್ಪದವರೇ ಅದರ ದೊಡ್ಡ ಫಲಿತಾಂಶ!

1970ರ ದಶಕದ ಅಮೆರಿಕದಲ್ಲಿ ಓಟದ ಅಲೆ ಎದ್ದಿತ್ತು. 1976ರಲ್ಲಿ ವಿಲಿಯಂ ಗ್ಲಾಸರ್ ಓಟವನ್ನು 'ಒಳ್ಳೆಯ ಚಟ' ಎಂದು ಕರೆದು ಪುಸ್ತಕವನ್ನೇ ಬರೆದರು. ಮೂರೇ ವರ್ಷಕ್ಕೆ ವಿಲಿಯಂ ಮಾರ್ಗನ್ ಅದರ ಇನ್ನೊಂದು ಮುಖ ತೋರಿಸಿದರು: ಗಾಯವಾದರೂ, ಕೆಲಸ-ಸಂಸಾರ ಹಾಳಾದರೂ ಓಟ ಬಿಡಲಾಗದವರ ಮುಖ.

1983ರಲ್ಲಿ ಅಲೇನ್ ಯೇಟ್ಸ್ ಮತ್ತು ಸಂಗಡಿಗರು ಇಂಥ ಓಟಗಾರರನ್ನು ಅನೋರೆಕ್ಸಿಯಾ ರೋಗಿಗಳಿಗೆ, ಅಂದರೆ ತೂಕ ಹೆಚ್ಚೀತೆಂಬ ಭಯದಲ್ಲಿ ಊಟವನ್ನೇ ಬಿಡುವವರಿಗೆ, ಹೋಲಿಸಿದರು. ದೊಡ್ಡ ಚರ್ಚೆಯೇ ಆಯಿತು. 1987ರಲ್ಲಿ ಬ್ರಿಟನ್ನಿನ ಡೇವಿಡ್ ವೀಲ್ ಈ ಗೊಂದಲವನ್ನು ಬಿಡಿಸಲು ಎರಡು ಬಗೆ ಮಾಡಿದರು. ಒಂದು, ವ್ಯಾಯಾಮವೇ ಗೀಳಾಗುವುದು. ಇನ್ನೊಂದು, ಊಟದ ಕಾಯಿಲೆಯ ಬೆನ್ನಿಗೆ ಬರುವುದು. ಚಿಕಿತ್ಸೆಗೆ ಈ ಭೇದ ಮುಖ್ಯ. ಎರಡನೆಯದರಲ್ಲಿ ಓಟ ಮಾತ್ರ ನಿಲ್ಲಿಸಿದರೆ ಸಾಲದು, ಮೂಲ ಕಾಯಿಲೆಗೂ ಮದ್ದು ಬೇಕು.

2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ ಬಂದಾಗ ಜೂಜು ಚಟಗಳ ಸಾಲಿಗೆ ಸೇರಿತು. ಪುರಾವೆ ಸಾಲದೆಂದು ವ್ಯಾಯಾಮ ಹೊರಗೇ ಉಳಿಯಿತು. ಪ್ರತ್ಯೇಕ ಕಾಯಿಲೆ ಎಂಬ ಹೆಸರಿಲ್ಲದಿದ್ದರೂ ಚಿಕಿತ್ಸೆ ಇದೆ. "ಇವತ್ತು ಓಡದಿದ್ದರೆ ಎಲ್ಲಾ ಹಾಳು" ಎಂಬಂಥ ಯೋಚನೆಯನ್ನು ಹಿಡಿದು ಪ್ರಶ್ನಿಸುವ ಮಾತಿನ ಚಿಕಿತ್ಸೆ, ಗಾಯ ಮಾಯುವವರೆಗೆ ವಿಶ್ರಾಂತಿ, ಆಮೇಲೆ ಮಿತಿ ಹಾಕಿಕೊಂಡು ಮರಳುವುದು.

ಎಷ್ಟು ಕಿಲೋಮೀಟರ್ ಓಡುತ್ತೀರಿ ಎಂಬುದರಿಂದ ಈ ಗೀಳು ಗೊತ್ತಾಗುವುದಿಲ್ಲ. ನಿಲ್ಲಿಸಬೇಕಾದಾಗ ನಿಲ್ಲಿಸಬಲ್ಲಿರಾ ಎಂದು ಕೇಳಬೇಕು. ನಿಲ್ಲುವ ಷರತ್ತಿಲ್ಲದ ಲೂಪ್ ಬರೆದರೆ ಕಂಪ್ಯೂಟರೇ ಏದುಸಿರು ಬಿಡುತ್ತದೆ, ಇನ್ನು ಮೂಳೆಯ ಪಾಡೇನು?

ಅವತ್ತೇ ಅಮ್ಮನಿಗೆ ಎಲ್ಲಾ ಹೇಳಿದೆ. ಬೈಯಲಿಲ್ಲ. ಶೂ ಎತ್ತಿ ಅಟ್ಟದ ಮೇಲಿಟ್ಟರು. ಆ ಆರು ವಾರದಲ್ಲಿ ಅದನ್ನು ಕೆಳಗಿಳಿಸಲಿಲ್ಲ.

ನೀವು? ಒಂದು ತಿಂಗಳು ಬಿಡಬಲ್ಲಿರಾ?