ಗಾಳಿಗೂ ಯಜಮಾನ ಬಂದ

ಭೂಮಿಗೆ ಯಜಮಾನ ಇದ್ದ. ಕೆರೆಗೆ, ಬಾವಿಗೆ, ಗುಡಿಗೆ ಯಜಮಾನ ಇದ್ದ. ಗಾಳಿಗೆ ಮಾತ್ರ ಯಾರೂ ಬೇಲಿ ಹಾಕೋಕೆ ಆಗಲ್ಲ ಅನ್ನೋದು ಹಿರಿಯರ ಮಾತು. ಈಗ ಗಾಳಿಗೂ ಯಜಮಾನ ಬಂದಿದ್ದಾನೆ. ಹರಾಜಿನಲ್ಲಿ ಹೆಚ್ಚು ಕೂಗಿದವನು ಯಜಮಾನ, ಮಿಕ್ಕವರೆಲ್ಲ ಬರೀ ಕೇಳುಗರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ನಮ್ಮ ಜನಕ್ಕೆ ರೇಡಿಯೊ ಯಾರ ದುಡ್ಡಲ್ಲಿ ಬಂತು, ವ್ಯಾಪಾರಿ ಎಫ್.ಎಂ. ಕಂಪನಿಗಳು ಇಷ್ಟು ವರ್ಷ ನಮ್ಮ ಕಡೆ ಯಾಕೆ ತಿರುಗಿ ನೋಡಲಿಲ್ಲ ಅನ್ನೋ ಚರಿತ್ರೆಯನ್ನು ನಾವೇ ಬರೆದುಕೊಳ್ಳಬೇಕಾಗಿದೆ.

ನಮ್ಮ ಸೀಮೆಯ ರೇಡಿಯೊ ಹುಟ್ಟಿದ್ದು ಮೈಸೂರಿನಲ್ಲಿ. 1935ರ ಸೆಪ್ಟೆಂಬರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪ್ರಸಾರ ಕೇಂದ್ರ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಆಮೇಲೆ ಇಡೀ ದೇಶದ ಸರ್ಕಾರಿ ರೇಡಿಯೊ ಅದೇ ಹೆಸರನ್ನು ಹೊತ್ತುಕೊಂಡಿತು. ಅದೂ ಖಾಸಗಿ ರೇಡಿಯೊವೇ. ಆದರೆ ಆ ಮೇಷ್ಟ್ರು ಲಾಭ ಎಣಿಸೋಕೆ ಹೊರಟವರಲ್ಲ. ಕೆಲವು ವರ್ಷದ ಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು.

ಸರ್ಕಾರದ ರೇಡಿಯೊ ಎಲ್ಲರದೂ ಆಗಿತ್ತೆ? ಇಲ್ಲ. ಅಲ್ಲಿ ಹಾಡಬೇಕಾದರೆ ಧ್ವನಿಪರೀಕ್ಷೆ ಪಾಸಾಗಬೇಕು, ಕಲಾವಿದರಿಗೆ ಶ್ರೇಣಿ ಕಟ್ಟುತ್ತಾರೆ. ಶ್ರೇಣಿ ಕಟ್ಟುವುದು ಈ ದೇಶಕ್ಕೆ ಹೊಸದೇನಲ್ಲ. ಭಜನೆ ಮೇಳಕ್ಕೂ ಕಂಪನಿ ನಾಟಕಕ್ಕೂ ಉಸಿರಾಗಿದ್ದ ಹಾರ್ಮೋನಿಯಂ ಪೆಟ್ಟಿಗೆಯನ್ನು 1940ರಿಂದ ಸುಮಾರು ಮೂರು ದಶಕ ಕಾಲ ಆಕಾಶವಾಣಿ ಹೊರಗೇ ಇಟ್ಟಿತ್ತು. ಸುದ್ದಿ ಓದುವ ಕನ್ನಡ ಪುಸ್ತಕದ ಕನ್ನಡ; ಗದ್ದೆ ಬಯಲಿನ ಕನ್ನಡ ಅದಕ್ಕೆ ಮೈಲಿಗೆ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸು ಪಡೆಯಬೇಕಿತ್ತು. ಆ ಲೈಸೆನ್ಸು ರದ್ದಾಗಿದ್ದು 80ರ ದಶಕದ ನಡುವೆ.

ಆದರೂ ಒಂದು ಮಾತು ಹೇಳಲೇಬೇಕು. ಪಂಚಾಯ್ತಿ ರೇಡಿಯೊ ಇದ್ದ ಊರುಗಳಲ್ಲಿ, ಚಾವಡಿ ಮೆಟ್ಟಿಲು ಹತ್ತಲು ಬಿಡದವರೂ ಅದರ ದನಿಯನ್ನು ಕೇರಿಗೆ ಬಾರದಂತೆ ತಡೆಯಲಾಗಲಿಲ್ಲ. ದನಿಗೆ ಮಡಿಯಿಲ್ಲ. 1990ರ ದಶಕದ ಆರಂಭದಲ್ಲಿ ಹಾಸನಕ್ಕೇ ಆಕಾಶವಾಣಿಯ ಸ್ಥಳೀಯ ಎಫ್.ಎಂ. ನಿಲಯ ಬಂತು. ಹಾಸನದ ಆಲೂಗಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗು ರೇಡಿಯೊದ ಮಾತಿಗೆ ವಸ್ತುವಾದವು. ಸೋಬಾನೆ ಹಾಡುವ ಹೆಂಗಸರು ಮೈಕಿನ ಮುಂದೆ ಕೂರುವುದಕ್ಕೆ ಬೆಂಗಳೂರಿನ ಬಸ್ಸು ಹತ್ತಬೇಕಾಗಿರಲಿಲ್ಲ. ಇದು ತೆರಿಗೆ ದುಡ್ಡಿನ ನಿಲಯ. ಬೆಂಕಿಪೊಟ್ಟಣ ಕೊಂಡ ಕೂಲಿಯವನ ತೆರಿಗೆಯೂ ಅದರಲ್ಲಿ ಸೇರಿದೆ.

ಇನ್ನು ವ್ಯಾಪಾರದ ಕಥೆ. ರೇಡಿಯೊಕ್ಕೆ ಜಾಹೀರಾತು ತಂದದ್ದೂ ಸರ್ಕಾರವೇ. 1957ರಲ್ಲಿ ಶುರುವಾದ ವಿವಿಧ ಭಾರತಿಯಲ್ಲಿ 1967ರಿಂದ ಸೋಪು, ಎಣ್ಣೆ, ಹಲ್ಲುಪುಡಿ ಮಾತಾಡತೊಡಗಿದವು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು: ಬಾನುಲಿ ತರಂಗಗಳು ಸಾರ್ವಜನಿಕರ ಆಸ್ತಿ. ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು. ನ್ಯಾಯವಾದ ಮಾತು. ಆದರೆ ಸರ್ಕಾರ ಮಾಡಿದ್ದೇನು? ಸಾರ್ವಜನಿಕರ ಆಸ್ತಿಯನ್ನು ಸಾರ್ವಜನಿಕರ ಕೈಗೆ ಕೊಡುವ ಬದಲು ಹರಾಜಿಗೆ ಇಟ್ಟಿತು. ಗೋಮಾಳಗಳ ಕಥೆ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಬಾಯಿ ತೆರೆಯಿತು. ಕನ್ನಡನಾಡಿನ ರಾಜಧಾನಿಯ ಆ ನಿಲಯ ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಹಾಕಿದ್ದು ಹಿಂದಿ, ಇಂಗ್ಲಿಷ್ ಹಾಡು. ಕನ್ನಡ ಹಾಕಿದರೆ ಕೇಳುಗರು ಹೆಚ್ಚುತ್ತಾರೆ ಅಂತ ಲೆಕ್ಕ ಸಿಕ್ಕಮೇಲೆ ಕಂಪನಿಗಳಿಗೆ ಕನ್ನಡ ಪ್ರೇಮ ಉಕ್ಕಿತು. 2005ರ ಎರಡನೆಯ ಹಂತದ ನೀತಿಯಲ್ಲಿ ಪ್ರವೇಶ ಶುಲ್ಕ ಕಟ್ಟಿ, ವರ್ಷದ ಆದಾಯದಲ್ಲಿ ನೂರಕ್ಕೆ 4ರ ಪಾಲು ಕೊಡಬೇಕು ಅಂತ ಮಾಡಿದರು. ದೇಶದ 91 ನಗರಗಳಲ್ಲಿ 338 ನಿಲಯಗಳಿಗೆ ಬಿಡ್ ಕರೆದರು. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿಗೆ ಜಾಗ ಸಿಕ್ಕಿತು. ಹಾಸನ ಪಟ್ಟಿಯಲ್ಲೇ ಇರಲಿಲ್ಲ.

ಯಾಕೆ? ವ್ಯಾಪಾರಿ ರೇಡಿಯೊದಲ್ಲಿ ಕೇಳುಗ ಗಿರಾಕಿಯಲ್ಲ. ಕೇಳುಗನೇ ಸರಕು. ಗಿರಾಕಿ ಜಾಹೀರಾತು ಕೊಡುವವನು. ಇಷ್ಟು ಸಾವಿರ ಕಿವಿ ನಮ್ಮ ಹತ್ತಿರ ಇದೆ, ಕೊಳ್ಳಿ ಅಂತ ಕಂಪನಿ ಅವನಿಗೆ ನಮ್ಮ ಕಿವಿಗಳನ್ನು ಮಾರುತ್ತೆ. ಜೇಬು ತುಂಬಿದವನ ಕಿವಿಗೆ ಬೆಲೆ ಹೆಚ್ಚು. 2007ರಲ್ಲಿ ಯಾರು ಯಾವ ರೇಡಿಯೊ ಕೇಳ್ತಾರೆ ಅಂತ ಅಳೆಯುವ ವ್ಯವಸ್ಥೆ ಬಂದಾಗ ಅಳೆದದ್ದು ಬೆಂಗಳೂರು, ಮುಂಬೈ, ದೆಹಲಿ, ಕೋಲ್ಕತ್ತದ ಕಿವಿಗಳನ್ನು. ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೇಯುವ ಆಳಿನ ಕಿವಿ ಯಾವ ಲೆಕ್ಕಕ್ಕೆ?

ಒಂದು ಉಪಕಾರ ಮಾತ್ರ ಒಪ್ಪಬೇಕು. ಆಕಾಶವಾಣಿಯ ಗಂಜಿ ಹಾಕಿ ಇಸ್ತ್ರಿ ಮಾಡಿದ ಕನ್ನಡವನ್ನು ಎಫ್.ಎಂ. ಹುಡುಗ ಹುಡುಗಿಯರು ಕೆಡವಿದರು. ಬೀದಿಯ ಮಾತು ಮೈಕಿಗೆ ಬಂತು. ಆದರೆ ಮಾತಿನ ಧಾಟಿ ಒಳಗೆ ಹೋಯಿತು, ಆ ಮಾತಿನ ಜನ ಹೊರಗೇ ಉಳಿದರು. ಅದೇ ಸಿನಿಮಾ ಹಾಡು, ಅದೇ ತಮಾಷೆ ಫೋನು, ಅದೇ ಬಹುಮಾನದ ಪ್ರಶ್ನೆ.

ಸುದ್ದಿಯೂ ಇಲ್ಲ. ಖಾಸಗಿ ಎಫ್.ಎಂ. ತನ್ನದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. 2011ರ ಮೂರನೆಯ ಹಂತದ ನೀತಿ ಆಕಾಶವಾಣಿಯ ಸುದ್ದಿಯನ್ನು ಅಕ್ಷರ ಬದಲಿಸದೆ ಹಾಕಬಹುದು ಅಂದಿತು. ಹವಾಮಾನ, ವಾಹನ ಸಂಚಾರ, ಪರೀಕ್ಷೆ, ಹಬ್ಬ, ನೀರು ಕರೆಂಟಿನ ಮಾಹಿತಿ ಸುದ್ದಿಯಲ್ಲ, ಅದನ್ನು ಹೇಳಬಹುದು ಅಂತಲೂ ಅಂದಿತು. ಅಂದರೆ ನಲ್ಲಿಯಲ್ಲಿ ನಾಳೆ ನೀರು ಬರಲ್ಲ ಅಂತ ಹೇಳಬಹುದು. ಕೇರಿಯ ನಲ್ಲಿಗೆ ಮಾತ್ರ ಯಾಕೆ ಬರಲ್ಲ ಅಂತ ಕೇಳಿದರೆ ಅದು ಸುದ್ದಿಯಾಗುತ್ತೆ!

2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳಲ್ಲಿ 730 ಖಾಸಗಿ ನಿಲಯಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಮಾತೃಭಾಷೆಯ ಸ್ಥಳೀಯ ಕಾರ್ಯಕ್ರಮ ಹೆಚ್ಚುತ್ತದೆ ಎಂದಿತು. ಆ ಪಟ್ಟಿಯಲ್ಲಿ ಹಾಸನವಿದೆ. ಉಳಿದ ಮೂರು ಊರುಗಳಿಲ್ಲ. ಅವು ಹಾಸನದಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇವೆ. ಹಾಸನದ ಗೋಪುರದಿಂದ ಅಲ್ಲಿಗೆ ಹಾಡು ಹೋಗಬಹುದು, ಸೋಪು ಹೋಗಬಹುದು. ಅಲ್ಲಿಂದ ದನಿ ಹಾಸನಕ್ಕೆ ಬರುವ ದಾರಿ ಯಾವುದು?

ದಾರಿ ಇಲ್ಲದೆ ಇಲ್ಲ. ಕೋಲಾರ ಸೀಮೆಯ ಬೂದಿಕೋಟೆಯ ಜನ 2003ರ ಹೊತ್ತಿಗೇ, ಲೈಸೆನ್ಸು ಸಿಗದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕ 'ನಮ್ಮ ಧ್ವನಿ' ನಡೆಸಿ ತೋರಿಸಿದರು. 2006ರ ನೀತಿ ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ಅನುಮತಿ ಕೊಟ್ಟಿತು. ಅದು 100 ವ್ಯಾಟಿನ ಪುಟ್ಟ ನಿಲಯ. ಸುದ್ದಿಗೆ ಅಲ್ಲೂ ಬೀಗ. ಆದರೂ ಹರಾಜಿಲ್ಲದೆ ಸಿಗುವ ಗಾಳಿ ಅದೊಂದೇ. ತಾಲ್ಲೂಕಿಗೊಂದು ಸಮುದಾಯ ರೇಡಿಯೊ, ಹಾಸನದ ಆಕಾಶವಾಣಿಯಲ್ಲಿ ನಮ್ಮ ಜನಕ್ಕೆ ಹೆಚ್ಚು ಹೊತ್ತು, ಹರಾಜು ಕೂಗುವ ಕಂಪನಿಗೆ ಸ್ಥಳೀಯ ಜನರ ದನಿ ಹಾಕಬೇಕೆಂಬ ಷರತ್ತು. ನಾವು ಕೇಳಬೇಕಾದ್ದು ಇದನ್ನ.

ಗಾಳಿ ನಮ್ಮ ಆಸ್ತಿ ಅಂತ ಕೋರ್ಟೇ ಹೇಳಿದೆ. ಇದುವರೆಗೆ ನಮ್ಮ ಪಾಲಿಗೆ ಬಂದದ್ದು ಕಿವಿಯ ಕೆಲಸ. ಬಾಯಿಯ ಪಾಲು ಇನ್ನೂ ಬರಬೇಕಾಗಿದೆ.